ತಂತಿ ಕಾಯುವುದು ಹೇಗೆ?

ಲೋಹದ ತಂತಿಗೆ ವೋಲ್ಟೇಜ್ ಕೊಟ್ಟಾಗ, ಯಾವ ಪರಮಾಣುವಿಗೂ ಅಂಟಿಕೊಳ್ಳದೆ ಅಲೆಯುತ್ತಿರುವ ಮುಕ್ತ ಎಲೆಕ್ಟ್ರಾನುಗಳು ಆ ಒತ್ತಡಕ್ಕೆ ಸಿಕ್ಕಿ ಸರಿಯತೊಡಗುತ್ತವೆ. ಹಾಗೆ ಸರಿಯುವಾಗ ಅವು ಸದಾ ಕಂಪಿಸುತ್ತಿರುವ ಪರಮಾಣುಗಳಿಗೆ ಡಿಕ್ಕಿ ಹೊಡೆದು, ವೋಲ್ಟೇಜಿನಿಂದ ಪಡೆದ ಶಕ್ತಿಯನ್ನು ಅವುಗಳಿಗೆ ಬಿಟ್ಟುಕೊಡುವುದರಿಂದ, ಕಂಪನ ಜೋರಾಗಿ ತಂತಿ ಬಿಸಿಯೇರುತ್ತದೆ. ಪ್ರವಾಹಕ್ಕೆ ಒದಗುವ ಈ ಅಡ್ಡಿಗೆ ರೋಧವೆಂದು ಹೆಸರು. ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ.

ಈ ಕಾವಿಗೆ ಲೆಕ್ಕ ಕಟ್ಟಿದವನು ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಹುಟ್ಟಿದ, ಬಿಯರ್ ತಯಾರಿಸುವ ಮನೆತನದ ಜೇಮ್ಸ್ ಪ್ರೆಸ್ಕಾಟ್ ಜೌಲ್. ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹ ಹರಿಸಿ, ನೀರಿನ ತಾಪ ಎಷ್ಟೇರಿತೆಂದು ಅಳೆದ ಆತ 1841ರಲ್ಲಿ ಪ್ರಕಟಿಸಿದ ನಿಯಮದಂತೆ, ಹುಟ್ಟುವ ಉಷ್ಣವು ರೋಧಕ್ಕೂ ಕಾಲಕ್ಕೂ ನೇರ ಅನುಪಾತದಲ್ಲಿರುತ್ತದೆ; ಆದರೆ ಪ್ರವಾಹ ಇಮ್ಮಡಿಯಾದರೆ ಉಷ್ಣ ನಾಲ್ಮಡಿಯಾಗುತ್ತದೆ, ಅಂದರೆ ಅದು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ.

230 ವೋಲ್ಟಿನಲ್ಲಿ ನಡೆಯುವ 2000 ವ್ಯಾಟಿನ ಗೀಸರು ಸುಮಾರು 8.7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಅಷ್ಟೇ ಪ್ರವಾಹ ಅದರ ವೈರಿನಲ್ಲೂ ಹರಿದರೂ, ಒಳಗಿನ ಸುರುಳಿಯ ರೋಧ 26 ಓಮ್‌ಗಿಂತ ತುಸು ಹೆಚ್ಚಿರುವುದರಿಂದ ಕಾವಿನ ಬಹುಪಾಲು ಅಲ್ಲಿಯೇ ಹುಟ್ಟುತ್ತದೆ. ಒಂದೂವರೆ ಚದರ ಮಿಲಿಮೀಟರ್ ಅಡ್ಡಛೇದದ, ಎರಡು ಮೀಟರ್ ಉದ್ದದ ತಾಮ್ರದ ವೈರಿನಲ್ಲಿ, ಹೋಗಿಬರುವ ಎರಡೂ ಎಳೆ ಸೇರಿದರೂ ರೋಧ 0.05 ಓಮ್ ಮುಟ್ಟದ ಕಾರಣ, ವ್ಯಯವಾಗುವುದು ನಾಲ್ಕು ವ್ಯಾಟಿಗೂ ಕಡಿಮೆ. ಸುರುಳಿಗೆ ಬಳಸುವ ನೈಕ್ರೋಮ್ ನಿಕ್ಕಲ್ ಮತ್ತು ಕ್ರೋಮಿಯಮ್‌ಗಳ ಮಿಶ್ರಲೋಹ. ಅದರ ರೋಧಗುಣ ತಾಮ್ರದ್ದಕ್ಕಿಂತ ಅರವತ್ತು ಪಟ್ಟಿಗೂ ಮಿಕ್ಕಿದೆಯಲ್ಲದೆ, ಕಾದಾಗ ಮೇಲ್ಮೈಯಲ್ಲಿ ಮೂಡುವ ಕ್ರೋಮಿಯಮ್ ಆಕ್ಸೈಡಿನ ಪೊರೆ ಒಳಗಿನ ಲೋಹ ಸವೆಯದಂತೆ ಕಾಯುತ್ತದೆ.

ಇದೇ ನಿಯಮ ಅಪಾಯಕ್ಕೂ ಕಾರಣ. ಅದೇ ಗೀಸರಿನ ಪ್ಲಗ್ಗಿನ ಪಿನ್ನು ಸಡಿಲಾಗಿ ಆ ಒಂದು ಬಿಂದುವಿನಲ್ಲಿ ಅರ್ಧ ಓಮ್ ರೋಧ ಸೇರಿಕೊಂಡರೆ, ಅಲ್ಲಿ ಹುಟ್ಟುವುದು ಸುಮಾರು 38 ವ್ಯಾಟ್. ಸಣ್ಣ ಸಾಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕಾಗುವುದನ್ನು ನೆನೆದರೆ, ಸಾಕೆಟ್ಟಿನ ಪ್ಲಾಸ್ಟಿಕ್ ಕಪ್ಪಾಗಿ ಕರಗುವುದರಲ್ಲಿ ಅಚ್ಚರಿಯಿಲ್ಲ. ಪ್ರವಾಹ ಹೆಚ್ಚಿಲ್ಲದ ಕಾರಣ ಫ್ಯೂಸ್ ಇದನ್ನು ತಡೆಯಲಾರದು. ಮಿತಿ ಮೀರಿದ ಪ್ರವಾಹದ ಕಾವಿಗೆ ಕರಗಿ ಮಂಡಲವನ್ನು ಕಡಿಯುವುದಷ್ಟೇ ಅದರ ಕೆಲಸ.

ದೂರದ ಊರಿಗೆ ವಿದ್ಯುತ್ ಸಾಗಿಸುವಾಗ ಈ ಕಾವು ಬರೀ ನಷ್ಟ. ಆದರೆ ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಹತ್ತನೆಯ ಒಂದರಷ್ಟು ಪ್ರವಾಹ ಸಾಲುತ್ತದೆ. ವರ್ಗದ ನಿಯಮದಿಂದಾಗಿ ನಷ್ಟ ನೂರನೆಯ ಒಂದಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಮುಟ್ಟಿಸಲು ಸಾಧ್ಯವಾದದ್ದೂ ಅಧಿಕ ವೋಲ್ಟೇಜಿನ ಈ ಉಪಾಯದಿಂದಲೇ.