ಮೋಡದ ಮೇಲಿನ ಊರು, ಗಣಿಯೊಳಗಿನ ಮಂದಿ ಮತ್ತು ನಮ್ಮ ಬೋರ್‌ವೆಲ್ ನೀರು: ‘ಸ್ಟಾರ್ ಟ್ರೆಕ್’ನ ಮರೆತುಹೋದ ಒಂದು ಕಥೆ

ಹಳೇ ಟಿ.ವಿ. ಸರಣಿಗಳಲ್ಲಿ ಯಾರೂ ಅಷ್ಟಾಗಿ ಮಾತಾಡದ ಕಂತುಗಳನ್ನು ಮತ್ತೆ ನೋಡೋಣ ಅಂತ ಹೊರಟಿದ್ದೇವೆ. ಇವತ್ತು ‘ಸ್ಟಾರ್ ಟ್ರೆಕ್’. ಅಮೆರಿಕದ ಕಥೆ ಹೌದು, ಆದರೆ ಅದನ್ನು ಹಿಡಕೊಂಡು ನಾವು ಹೋಗೋದು ಕುಷ್ಟಗಿ, ಯಲಬುರ್ಗಾ ಕಡೆಗೆ. ಹೇಗೆ ಅಂತೀರಾ? ಕೇಳ್ರಿ.

ಮೊದಲು ಸ್ವಲ್ಪ ಹಿನ್ನೆಲೆ

‘ಸ್ಟಾರ್ ಟ್ರೆಕ್’ ಮೂಲ ಸರಣಿ ಬಂದದ್ದು 1966ರಿಂದ 1969ರವರೆಗೆ. ಮೂರು ಸೀಸನ್, ಒಟ್ಟು 79 ಕಂತು. ಎಂಟರ್‌ಪ್ರೈಸ್ ಅನ್ನೋ ಆಕಾಶನೌಕೆ, ಅದರ ಕ್ಯಾಪ್ಟನ್ ಕರ್ಕ್, ಚೂಪು ಕಿವಿಯ ಸ್ಪಾಕ್, ಡಾಕ್ಟರ್ ಮೆಕಾಯ್. 80ರ ದಶಕದಲ್ಲಿ ನಮ್ಮ ದೂರದರ್ಶನದಲ್ಲೂ ಇದು ಬರುತ್ತಿತ್ತು. ಮನೆಯಲ್ಲಿ ಚಿಕ್ಕಪ್ಪನೋ ಸೋದರಮಾವನೋ ಇದ್ದರೆ ಕೇಳಿ ನೋಡಿ, ಸ್ಪಾಕ್‌ನ ಕಿವಿ ಅವರಿಗೆ ನೆನಪಿರುತ್ತದೆ.

ಅಭಿಮಾನಿಗಳು ಮತ್ತೆ ಮತ್ತೆ ಹೆಸರಿಸುವ ಕಂತುಗಳು ಬೇರೆ. ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’, ‘ದಿ ಟ್ರಬಲ್ ವಿತ್ ಟ್ರಿಬಲ್ಸ್’, ಹೀಗೆ. ನಾವು ಮಾತಾಡ್ತಿರೋದು ‘ದಿ ಕ್ಲೌಡ್ ಮೈಂಡರ್ಸ್’ ಬಗ್ಗೆ. 1969ರ ಫೆಬ್ರವರಿ 28ರಂದು ಪ್ರಸಾರವಾಯಿತು. ಅದು ಕೊನೇ ಸೀಸನ್. ಸರಣಿಯನ್ನು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿದ್ದರು. ಆ ಹೊತ್ತಿಗೆ ಹುಡುಗರೆಲ್ಲ ಮನೆಯಿಂದ ಹೊರಗೆ, ನೋಡುವವರು ಕಡಿಮೆ. ಕೆಲವೇ ತಿಂಗಳಲ್ಲಿ ಸರಣಿಯೇ ನಿಂತುಹೋಯಿತು. ಈ ಕಥೆ ಮರೆಗೆ ಸರಿಯಲು ಇದೂ ಒಂದು ಕಾರಣ.

ಕಥೆ ಏನು?

ಒಂದು ಗ್ರಹದಲ್ಲಿ ಬೆಳೆಗಳಿಗೆ, ಗಿಡಮರಗಳಿಗೆ ದೊಡ್ಡ ರೋಗ. ಅದನ್ನು ತಡೆಯೋದು ಜೀನೈಟ್ ಅನ್ನೋ ಒಂದೇ ಒಂದು ಖನಿಜ. ಅದು ಸಿಗೋದು ಅರ್ಡಾನಾ ಅನ್ನೋ ಇನ್ನೊಂದು ಗ್ರಹದಲ್ಲಿ. ಕರ್ಕ್ ಮತ್ತು ಸ್ಪಾಕ್ ಅದನ್ನು ತರೋಕೆ ಬರ್ತಾರೆ.

ಅರ್ಡಾನಾದಲ್ಲಿ ಎರಡು ಲೋಕ. ಮೇಲೆ, ಮೋಡಗಳ ನಡುವೆ ತೇಲುವ ಸ್ಟ್ರಾಟೋಸ್ ನಗರ. ಅಲ್ಲಿ ಚಿತ್ರಕಲೆ, ಸಂಗೀತ, ಶುದ್ಧ ಗಾಳಿ. ಕೆಳಗೆ ನೆಲದಲ್ಲಿ ಟ್ರೋಗ್ಲೈಟ್ ಅನ್ನಿಸಿಕೊಳ್ಳುವ ಮಂದಿ, ಅವರ ಕೆಲಸ ಗಣಿ ಅಗೆಯೋದು. ಮೇಲಿನವರು ಹೇಳೋದು ಇಷ್ಟೇ: ‘ಅವರು ಹುಟ್ಟಾ ದಡ್ಡರು, ಒರಟರು, ಕಲೆ-ವಿದ್ಯೆ ಅವರ ತಲೆಗೆ ಹತ್ತೋದಿಲ್ಲ.’ ಕೆಳಗಿನವರು ಬಂಡೆದ್ದಿದ್ದಾರೆ, ಜೀನೈಟ್ ಕೊಡೋದಿಲ್ಲ ಅಂತಾರೆ. ಬಂಡಾಯದ ನಾಯಕಿ ವಾನ್ನಾ. ಮೇಲಿನ ಆಡಳಿತಗಾರ ಪ್ಲಾಸಸ್ ಅವಳನ್ನು ಹಿಡಿದು ಹಿಂಸಿಸುತ್ತಾನೆ.

ಇಲ್ಲಿ ಡಾಕ್ಟರ್ ಮೆಕಾಯ್ ಒಂದು ವಿಷಯ ಪತ್ತೆ ಮಾಡ್ತಾರೆ. ಹಸಿ ಜೀನೈಟ್‌ನಿಂದ ಒಂದು ಅನಿಲ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಅದನ್ನು ಉಸಿರಾಡಿದವರ ಬುದ್ಧಿ ಮಂಕಾಗುತ್ತದೆ, ಸಿಟ್ಟು ಏರುತ್ತದೆ. ಅಂದರೆ ಆ ಮಂದಿ ಹುಟ್ಟಾ ದಡ್ಡರಲ್ಲ, ಕೆಲಸದ ಜಾಗದ ವಿಷ ಅವರನ್ನು ಹಾಗೆ ಮಾಡಿದೆ. ವಾನ್ನಾ ಚುರುಕಾಗಿರೋದು ಯಾಕೆ? ಅವಳು ಮೇಲಿನ ನಗರದಲ್ಲಿ ಆಳಾಗಿ ದುಡಿದವಳು, ಗಣಿಯ ಗಾಳಿಯಿಂದ ದೂರ ಇದ್ದವಳು.

ಪರಿಹಾರ ಸರಳ: ಮುಖಕ್ಕೆ ಸೋಸುವ ಮಾಸ್ಕ್. ಆದರೆ ಪ್ಲಾಸಸ್ ಒಪ್ಪೋದಿಲ್ಲ. ಮಜಾ ಅಂದ್ರೆ ವಾನ್ನಾಳೂ ನಂಬೋದಿಲ್ಲ. ಕಣ್ಣಿಗೆ ಕಾಣದ, ಮೂಗಿಗೆ ಬಡಿಯದ ವಸ್ತು ಇಷ್ಟು ಹಾಳು ಮಾಡುತ್ತಾ ಅಂತ ಅವಳ ಅನುಮಾನ. ಕೊನೆಗೆ ಕರ್ಕ್ ಪ್ಲಾಸಸ್‌ನನ್ನೇ ಗಣಿಯೊಳಗೆ ತರಿಸುತ್ತಾನೆ. ಸ್ವಲ್ಪ ಹೊತ್ತಲ್ಲೇ ನಾಗರಿಕ ಪ್ಲಾಸಸ್ ಮತ್ತು ಕ್ಯಾಪ್ಟನ್ ಕರ್ಕ್ ಇಬ್ಬರೂ ಬೀದಿ ಜಗಳದವರ ಹಾಗೆ ಹೊಡೆದಾಡ್ತಾರೆ. ಅದನ್ನು ಕಣ್ಣಾರೆ ನೋಡಿದ ಮೇಲೆ ವಾನ್ನಾಗೆ ನಂಬಿಕೆ ಬರುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ

ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ, ರಾಯಚೂರಿನಿಂದ ಬೇರೆಯಾಗಿ. ಒಂದೇ ಜಿಲ್ಲೆ, ಆದರೆ ನೀರಿನ ವಿಷಯದಲ್ಲಿ ಎರಡು ಲೋಕ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟಿನಿಂದ ಎಡದಂಡೆ ಕಾಲುವೆ ಹೊರಟು ಗಂಗಾವತಿ ಕಡೆ ಹರಿಯುತ್ತದೆ. ಅದಕ್ಕೇ ಗಂಗಾವತಿ ಭತ್ತದ ಕಣಜ. ಕುಷ್ಟಗಿ, ಯಲಬುರ್ಗಾ ಇರೋದು ಎತ್ತರದ ಎರೆ ಮತ್ತು ಮಸಾರಿ ನೆಲದಲ್ಲಿ. ಕಾಲುವೆ ನೀರು ತಾನಾಗಿ ಅಲ್ಲಿಗೆ ಏರೋದಿಲ್ಲ. ಸ್ಟ್ರಾಟೋಸ್‌ನಲ್ಲಿ ಮೇಲಿನವರಿಗೆ ಎಲ್ಲ ಸಿಗುತ್ತಿತ್ತು, ನಮ್ಮಲ್ಲಿ ಉಲ್ಟಾ, ಮೇಲಿನವರೇ ಒಣಗಿದವರು. ಹಂಗಾಗಿ ಅಲ್ಲಿನ ಊರುಗಳು ಎಷ್ಟೋ ವರ್ಷ ನಂಬಿದ್ದು ಬೋರ್‌ವೆಲ್‌ಗಳನ್ನು.

ಆ ಬೋರ್‌ವೆಲ್ ನೀರಿನಲ್ಲಿ ಬಣ್ಣ ಇಲ್ಲದ, ವಾಸನೆ ಇಲ್ಲದ, ರುಚಿಗೂ ಸಿಗದ ಒಂದು ವಸ್ತು ಇದೆ. ಅದರ ಹೆಸರು ಫ್ಲೋರೈಡ್. ನಮ್ಮ ನೆಲದಡಿಯ ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಫ್ಲೋರಿನ್ ಇರುವ ಖನಿಜಗಳಿವೆ. ನೀರು ಬಂಡೆಯ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಫ್ಲೋರೈಡ್ ಕರಗಿ ಸೇರುತ್ತದೆ. ಮಳೆ ಕಡಿಮೆ, ನೀರು ಎತ್ತೋದು ಜಾಸ್ತಿ, ಬೋರ್‌ವೆಲ್ ಆಳಕ್ಕೆ ಇಳಿದ ಹಾಗೆ ತೊಂದರೆಯೂ ಹೆಚ್ಚುವ ಸಂಭವ. ಕುಷ್ಟಗಿ, ಯಲಬುರ್ಗಾ ಭಾಗದ ಹಲವು ಊರುಗಳ ಅಂತರ್ಜಲದಲ್ಲಿ ಇದು ಮಿತಿ ಮೀರಿರೋದು ದಾಖಲಾಗಿದೆ.

ಮಿತಿ ಎಷ್ಟು? ಭಾರತೀಯ ಮಾನಕದ ಪ್ರಕಾರ ಲೀಟರ್‌ಗೆ 1 ಮಿಲಿಗ್ರಾಂ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ 1.5. ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಒಳ್ಳೇದೇ, ಟೂತ್‌ಪೇಸ್ಟ್‌ನಲ್ಲಿ ಹಾಕೋದು ಅದಕ್ಕೇ. ಹೆಚ್ಚಾದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದರೆ ಕೀಲು ನೋವು, ಬೆನ್ನು ಬಗ್ಗೋದು, ಮೂಳೆ ಸೊಟ್ಟಗಾಗೋದು. ಭಾರತದಲ್ಲಿ ಈ ಕಾಯಿಲೆಯ ಬಗ್ಗೆ ಮೊದಲ ವೈದ್ಯಕೀಯ ವರದಿ ಬಂದದ್ದು 1937ರಲ್ಲಿ, ನೆಲ್ಲೂರು ಸೀಮೆಯಿಂದ.

ಬುದ್ಧಿಯ ಮಾತು

2024ರ ಆಗಸ್ಟ್‌ನಲ್ಲಿ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮ ಒಂದು ದೊಡ್ಡ ವರದಿ ಕೊಟ್ಟಿತು. ಮಕ್ಕಳ ಐಕ್ಯೂ ಬಗ್ಗೆ ನಡೆದ ಉತ್ತಮ ಗುಣಮಟ್ಟದ 19 ಅಧ್ಯಯನಗಳಲ್ಲಿ 18ರಲ್ಲಿ ಫ್ಲೋರೈಡ್ ಹೆಚ್ಚಿದ್ದಲ್ಲಿ ಐಕ್ಯೂ ಕಡಿಮೆ ಕಂಡಿತ್ತು. ಲೀಟರ್‌ಗೆ 1.5 ಮಿಲಿಗ್ರಾಂಗಿಂತ ಹೆಚ್ಚು ಫ್ಲೋರೈಡ್ ಇರುವ ನೀರಿಗೂ ಕಡಿಮೆ ಐಕ್ಯೂಗೂ ನಂಟು ಇದೆ, ಈ ಮಾತಿನಲ್ಲಿ ತಮಗೆ ಮಧ್ಯಮ ಮಟ್ಟದ ಖಾತ್ರಿ ಇದೆ ಅಂತ ವರದಿ ಹೇಳಿತು.

ಇಲ್ಲಿ ಎಚ್ಚರ ಬೇಕು. ಇದು ನೂರಾರು ಮಕ್ಕಳ ಸರಾಸರಿ ಲೆಕ್ಕ. ಒಂದು ಮಗುವನ್ನು ತೋರಿಸಿ ‘ಇವನಿಗೆ ನೀರಿನಿಂದ ಹಿಂಗಾಗಿದೆ’ ಅನ್ನೋಕೆ ಬರೋದಿಲ್ಲ. ನಂಟು ಬೇರೆ, ಕಾರಣ ಬೇರೆ. ಕಲೆ ಇರುವ ಹಲ್ಲು ನೋಡಿ ಮಗುವಿನ ಬುದ್ಧಿ ಅಳೆಯೋದಂತೂ ಪ್ಲಾಸಸ್ ಮಾಡಿದ ತಪ್ಪೇ.

ಈ ಹಳೇ ಕಂತು ಇವತ್ತಿಗೂ ಕೆಲಸಕ್ಕೆ ಬರೋದು ಇಲ್ಲೇ. ‘ಆ ಊರಿನ ಹುಡುಗರು ಓದಿನಲ್ಲಿ ಹಿಂದೆ’ ಅನ್ನೋ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಾಗನ್ನೋರು ಆ ಊರಿನ ನೀರು ಪರೀಕ್ಷೆ ಮಾಡಿಸಿದ್ದಾರಾ? ಬೆಳಿಗ್ಗೆ ಕೊಡ ಹಿಡಿದು ನಿಂತು ಶಾಲೆಗೆ ತಡವಾಗಿ ಬರುವ ಹುಡುಗಿಯನ್ನು ಲೆಕ್ಕಕ್ಕೆ ತಗೊಂಡಿದ್ದಾರಾ? ಅಪ್ಪ-ಅಮ್ಮ ಗುಳೆ ಹೋದಾಗ ತಿಂಗಳುಗಟ್ಟಲೆ ಶಾಲೆ ತಪ್ಪಿದ ಹುಡುಗನನ್ನು? ಪರಿಸ್ಥಿತಿ ಮಾಡಿದ್ದನ್ನು ಹುಟ್ಟಿನ ಗುಣ ಅಂದುಬಿಟ್ಟರೆ ಯಾರೂ ಏನೂ ಸರಿಮಾಡಬೇಕಾಗಿಲ್ಲ ನೋಡ್ರಿ. ಪ್ಲಾಸಸ್‌ಗೆ ಬೇಕಾಗಿದ್ದೂ ಅದೇ.

ಕಥೆ ಎಡವಿದ್ದು ಎಲ್ಲಿ?

ಈ ಕಂತಿನ ಮೂಲ ಕಥೆಯಲ್ಲಿ ಕೈ ಇದ್ದವರು ಡೇವಿಡ್ ಜೆರಾಲ್ಡ್, ‘ಟ್ರಿಬಲ್ಸ್’ ಬರೆದವರೇ. ತೆರೆಗೆ ಬಂದ ರೂಪ ಅವರಿಗೆ ಹಿಡಿಸಲಿಲ್ಲ. ಅನ್ಯಾಯದ ಕಥೆ ಹೋಗಿ ಅನಿಲ ಮತ್ತು ಮಾಸ್ಕ್‌ನ ಕಥೆ ಆಯಿತು ಅನ್ನೋದು ಅವರ ಅಸಮಾಧಾನ. ಮಾಸ್ಕ್ ಕೊಟ್ಟ ಮೇಲೂ ಗಣಿ ಗಣಿಯೇ, ಮೇಲಿನವರು ಮೇಲೆಯೇ. ವಾನ್ನಾ ಕೂಡ ಕೊನೆಯಲ್ಲಿ ಸುಮ್ಮನಾಗೋದಿಲ್ಲ, ಸಮಾನತೆ ಕೇಳೋದು ಬಿಡೋದಿಲ್ಲ ಅಂತಾಳೆ.

ನಮ್ಮಲ್ಲಿ ಮಾಸ್ಕ್ ಅಂದರೆ ಊರಿನ ಶುದ್ಧ ಕುಡಿಯುವ ನೀರಿನ ಘಟಕ. ಕಾಯಿನ್ ಹಾಕಿ ಕ್ಯಾನ್ ತುಂಬಿಸ್ತೀವಲ್ಲ, ಅದೇ. ಅದು ಬೇಕು, ಆದರೆ ಮೆಂಬ್ರೇನ್ ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕ ಇದ್ದೂ ಇಲ್ಲದ ಹಾಗೆ. ಗಟ್ಟಿ ಪರಿಹಾರ ಅಂದರೆ ನದಿ ನೀರು. ಕೃಷ್ಣಾ ನದಿಯ ನಾರಾಯಣಪುರ ಜಲಾಶಯದಿಂದ ಕುಷ್ಟಗಿ, ಯಲಬುರ್ಗಾ ಊರುಗಳಿಗೆ ನೀರು ತರುವ ಬಹುಗ್ರಾಮ ಯೋಜನೆ ಅದಕ್ಕಾಗೇ ಬಂದದ್ದು. ಪೈಪ್ ಹಾಕಿದ್ದಾರಾ ಅನ್ನೋ ಒಂದೇ ಪ್ರಶ್ನೆ ಸಾಲದು. ನಲ್ಲಿಯಲ್ಲಿ ದಿನಾ ನೀರು ಬರುತ್ತಾ, ಬಂದ ನೀರು ನದಿಯದ್ದಾ ಬೋರ್‌ವೆಲ್‌ದ್ದಾ ಅನ್ನೋದನ್ನೂ ಕೇಳಬೇಕು.

ನೀವು ಏನು ಮಾಡಬಹುದು?

ಒಂದು, ನೀರು ಪರೀಕ್ಷೆ ಮಾಡಿಸಿ. ಜಲ ಜೀವನ ಮಿಷನ್ ಅಡಿ ಊರಿನ ಹೆಣ್ಣುಮಕ್ಕಳಿಗೇ ಪರೀಕ್ಷಾ ಕಿಟ್ ಬಳಸುವ ತರಬೇತಿ ಕೊಡುವ ವ್ಯವಸ್ಥೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

ಎರಡು, ಕುದಿಸಿದರೆ ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ. ಆರ್‌ಒ ಬೇಕು, ಇಲ್ಲವೇ ಮಳೆನೀರು. ಮಳೆನೀರಿನಲ್ಲಿ ಫ್ಲೋರೈಡ್ ತೀರಾ ಕಡಿಮೆ.

ಮೂರು, ಹಾಲು, ಮೊಸರು, ರಾಗಿ, ಸೊಪ್ಪು, ನೆಲ್ಲಿಕಾಯಿ ತಟ್ಟೆಯಲ್ಲಿರಲಿ. ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವ ಕಡಿಮೆ ಇರುವ ಮಕ್ಕಳಿಗೆ ಪೆಟ್ಟು ಜಾಸ್ತಿ.

ಒಂದು ವ್ಯತ್ಯಾಸ ಮರೀಬೇಡಿ. ಸ್ಟ್ರಾಟೋಸ್‌ನ ಕಥೆಯಲ್ಲಿ ಗಣಿಯಿಂದ ಹೊರಬಂದರೆ ಬುದ್ಧಿ ತಿಳಿಯಾಗುತ್ತದೆ. ಬಗ್ಗಿದ ಬೆನ್ನು ಹಾಗೆ ನೆಟ್ಟಗಾಗೋದಿಲ್ಲ, ಹಲ್ಲಿನ ಕಲೆ ತಾನಾಗಿ ಅಳಿಯೋದಿಲ್ಲ. ಅದಕ್ಕೇ ಇದು ಮಕ್ಕಳು ದೊಡ್ಡವರಾದ ಮೇಲೆ ಮಾಡುವ ಕೆಲಸ ಅಲ್ಲ.

‘ದಿ ಕ್ಲೌಡ್ ಮೈಂಡರ್ಸ್’ ಐವತ್ತು ನಿಮಿಷದ ಕಂತು. ಬಿಡುವಾದಾಗ ನೋಡಿ. ನಿಮ್ಮೂರಿನ ನೀರಿನ ಪರೀಕ್ಷೆಯಲ್ಲಿ ಎಷ್ಟು ಬಂತು ಅಂತ ನಮಗೆ ಬರೆದು ತಿಳಿಸಿ.