ಕರೆಯಿಂದ ಕಣ್ಣೀರಿಗೆ: ಇಂಗ್ಲಿಷಿನ ‘ಕ್ರೈ’ ಮತ್ತು ಕನ್ನಡದ ‘ಹುಯ್ಯಲು’

ಇಂಗ್ಲಿಷಿನ ‘ಕ್ರೈ’ ಎಂಬ ಕ್ರಿಯಾಪದ ಇಂದು ಕೂಗುವುದನ್ನೂ ಅಳುವುದನ್ನೂ ಸೂಚಿಸುತ್ತದೆ. ಚಾರಿತ್ರಿಕವಾಗಿ ಇವುಗಳಲ್ಲಿ ಮೊದಲನೆಯ ಅರ್ಥವೇ ಪ್ರಾಚೀನ. ಹಳೆಯ ಫ್ರೆಂಚಿನ ‘ಕ್ರಿಯೇರ್’ನಿಂದ 13ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗ ಅದು ಗಟ್ಟಿಯಾಗಿ ಕೂಗು, ಮೊರೆಯಿಡು ಎಂಬರ್ಥದಲ್ಲಿತ್ತು, ಕಣ್ಣೀರು ಸುರಿಸು ಎಂಬ ಅರ್ಥ ನೆಲೆಗೊಂಡದ್ದು 16ನೆಯ ಶತಮಾನದಲ್ಲಿ. ಈ ಅರ್ಥಪಲ್ಲಟವನ್ನು ಕನ್ನಡದ ‘ಹುಯ್ಯಲು’ ಪದದೊಂದಿಗೆ ಹೋಲಿಸಿ, ವೀರಗಲ್ಲುಗಳ ಓದಿಗೆ ಅದರಿಂದ ದೊರೆಯುವ ಸ್ಪಷ್ಟತೆಯನ್ನು ಗುರುತಿಸುವುದು ಈ ಟಿಪ್ಪಣಿಯ ಉದ್ದೇಶ.

‘ಕ್ರೈ’ ಬರುವುದಕ್ಕೆ ಮೊದಲೇ ಇಂಗ್ಲಿಷಿನಲ್ಲಿ ‘ವೀಪ್’ ಇತ್ತು. ಅದರ ಹಳೆಯ ಇಂಗ್ಲಿಷ್ ರೂಪ ‘ವೇಪನ್’. ಜ್ಞಾತಿಪದವಾದ ಗಾಥಿಕ್ ‘ವೋಪ್ಯನ್’ಗೆ ಕೂಗು, ಕರೆ ಎಂದರ್ಥ. ಎಂದರೆ ‘ವೀಪ್’ ಕೂಡ ಮೂಲತಃ ಧ್ವನಿವಾಚಕವೇ. ಧ್ವನಿಯ ಅಂಶ ಕುಗ್ಗಿ ಅದು ಕಣ್ಣೀರಿಗೆ ಸೀಮಿತವಾಯಿತು. ಮುಂದೆ ‘ಕ್ರೈ’ ಅದೇ ದಾರಿ ಹಿಡಿಯಿತು. ಇಂದು ಗಟ್ಟಿಯಾದ ಅಳುವನ್ನೇ ಪ್ರತ್ಯೇಕಿಸಿ ಹೇಳಬೇಕಾದಾಗ ‘ವೇಲ್’, ‘ಬಾಲ್’ ಮೊದಲಾದ ಪದಗಳು ಬೇಕಾಗುತ್ತವೆ.

‘ಕ್ರಿಯೇರ್’ನ ಮೂಲ ಲ್ಯಾಟಿನ್ನಿನ ‘ಕ್ವಿರಿತಾರೆ’. ಕ್ರಿ.ಪೂ. 1ನೆಯ ಶತಮಾನದ ವಾರ್ರೊ ಇದನ್ನು ರೋಮಿನ ಪೌರರನ್ನು, ಅಂದರೆ ‘ಕ್ವಿರಿತೇಸ್’ರನ್ನು, ನೆರವಿಗೆ ಕರೆಯುವುದು ಎಂದು ಬಿಡಿಸಿದ. ಪದವು ಅನುಕರಣಮೂಲದ್ದೆಂಬ ಬೇರೊಂದು ಅಭಿಪ್ರಾಯವೂ ಆಧುನಿಕ ವಿದ್ವಾಂಸರಲ್ಲಿದೆ. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯ ಹೆಸರನ್ನೂ ಜನ ಹೀಗೆಯೇ ಬಿಡಿಸುತ್ತಾರೆ: ದೇವತೆಗಳು ಕೂಡಿದ ಬೆಟ್ಟವಾದ್ದರಿಂದ ಅದು ‘ಕೂಡುಮಲೆ’. ಇಂಥ ನಿಷ್ಪತ್ತಿ ಪದದ ಹುಟ್ಟನ್ನು ತಾನೇ ಸಿದ್ಧಪಡಿಸಲಾರದು. ಆದರೆ ಆಡುವವರು ಆ ಪದದಲ್ಲಿ ಏನನ್ನು ಕೇಳಿಸಿಕೊಂಡರೆಂಬುದಕ್ಕೆ ಸಾಕ್ಷಿಯಾಗುತ್ತದೆ. ವಾರ್ರೊ ಕೇಳಿಸಿಕೊಂಡದ್ದು ದುಃಖವನ್ನಲ್ಲ, ಕರೆಯನ್ನು.

ಕನ್ನಡದ ‘ಹುಯ್ಯಲು’ ಇಲ್ಲಿ ಗಮನಾರ್ಹ. ಇದರ ಹಳಗನ್ನಡ ರೂಪ ‘ಪುಯ್ಯಲ್’. ಪದಾದಿಯ ಪಕಾರ ಹಕಾರವಾದದ್ದು ನಿಯತವಾದ ಧ್ವನಿಬದಲಾವಣೆ. ಗಟ್ಟಿಯಾದ ಅಳು, ಬೊಬ್ಬೆ, ಮೊರೆ ಇವೆಲ್ಲ ಅದರ ಅರ್ಥವಲಯದಲ್ಲಿವೆ. ತುರುಗೊಳ್ ಸಂದರ್ಭದ ವೀರಗಲ್ಲುಗಳಲ್ಲಿ ಮಾತ್ರ ಅದು ದನಗಳನ್ನು ಹೊಡೆದೊಯ್ದಾಗ ಏಳುವ ಎಚ್ಚರಿಕೆಯ ಕೂಗು. ಆ ಕೂಗು ಕೇಳಿ ಹೊರಟ ವೀರ ಕಾದಿ ಮಡಿಯುತ್ತಾನೆ. ಇಂಗ್ಲಿಷಿನ ‘ಹ್ಯೂ ಆ್ಯಂಡ್ ಕ್ರೈ’ ಇದಕ್ಕೆ ಹತ್ತಿರದ ಸಮಾನಾಂತರ: 1285ರ ವಿಂಚೆಸ್ಟರ್ ಶಾಸನದ ಪ್ರಕಾರ ಕೂಗು ಎದ್ದೊಡನೆ ಜನರು ಅಪರಾಧಿಯ ಬೆನ್ನಟ್ಟಬೇಕಿತ್ತು. ತಮಿಳಿನ ‘ಪೂಚಲ್’ ಪದದಲ್ಲಿಯೂ ಗದ್ದಲ, ಕಾಳಗ, ಗೋಳಾಟ ಎಂಬ ಅರ್ಥಗಳು ಒಟ್ಟಿಗಿವೆ.

ಆದರೆ ಎರಡು ಭಾಷೆಗಳ ದಾರಿ ಮುಂದೆ ಕವಲೊಡೆಯುತ್ತದೆ. ‘ಕ್ರೈ’ ಕಣ್ಣೀರಿನ ಸಾಮಾನ್ಯ ಪದವಾಯಿತು, ‘ಹುಯ್ಯಲು’ ಆಗಲಿಲ್ಲ. ಆ ಸ್ಥಾನವನ್ನು ‘ಅಳು’ ಬಿಟ್ಟುಕೊಡದಿದ್ದುದೇ ಇದಕ್ಕೆ ಮುಖ್ಯ ಕಾರಣವೆಂದು ತೋರುತ್ತದೆ. ಹಳಗನ್ನಡದ ‘ಅೞ್’, ತಮಿಳು ಮತ್ತು ಮಲಯಾಳಗಳ ‘ಅೞು’ ಒಂದೇ ಮೂಲದವು; ಕನ್ನಡದಲ್ಲಿ ೞಕಾರ ಳಕಾರವಾದರೂ ಅರ್ಥ ಕದಲಲಿಲ್ಲ. ಹೀಗಾಗಿ ‘ಹುಯಿಲೆಬ್ಬಿಸು’ ಎಂಬಲ್ಲಿ ಇಂದಿಗೂ ಉಳಿದಿರುವುದು ಗದ್ದಲವೇ ಹೊರತು ಕಣ್ಣೀರಲ್ಲ. ‘ಮೊರೆ’ಯಂತೂ ಕೂಗಿನಿಂದ ಬಿನ್ನಹದ ಕಡೆಗೆ ಸರಿದು, ‘ನ್ಯಾಯಾಲಯದ ಮೊರೆಹೋಗು’ ಎಂಬ ಪ್ರಯೋಗದಲ್ಲಿ ಧ್ವನಿಯನ್ನೇ ತೊರೆದಿದೆ.

1905ರಲ್ಲಿ ಬಿ.ಎಲ್. ರೈಸ್ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟ ಕೋಲಾರ ಜಿಲ್ಲೆಯದು. ತುರುಗೊಳ್ ಪ್ರಸಂಗದ ವೀರಗಲ್ಲುಗಳು ಅದರಲ್ಲಿ ಹಲವಿವೆ. ಇಂಥ ಶಾಸನಗಳಲ್ಲಿ ‘ಪುಯ್ಯಲ್’ ಬಂದೆಡೆ ‘ರೋದನ’ ಎಂದು ಅರ್ಥೈಸಿದರೆ, ಊರವರು ಸತ್ತವನಿಗಾಗಿ ಅತ್ತರೆಂಬ ಚಿತ್ರ ಮೂಡುತ್ತದೆ. ‘ಕರೆ’ ಎಂದು ಅರ್ಥೈಸಿದರೆ ಘಟನೆಗಳ ಕ್ರಮವೇ ಬದಲಾಗುತ್ತದೆ: ಕೂಗು ಮೊದಲು, ಸಾವು ಆಮೇಲೆ. ಕೂಗಿದವರಿಗೆ ನೆರವು ಕೇಳುವ ಹಕ್ಕಿತ್ತು, ಕೇಳಿದವನಿಗೆ ಹೊರಡುವ ಹೊಣೆಯಿತ್ತು ಎಂಬ ಸಾಮಾಜಿಕ ಸಂಬಂಧ ಆಗ ಕಾಣತೊಡಗುತ್ತದೆ. ಆದ್ದರಿಂದ ಗಟ್ಟಿಯಾದ ಅಳುವನ್ನು ಹೇಳುವ ಪದಗಳ ಚರಿತ್ರೆಯನ್ನು ಬರೆಯುವಾಗ, ಅತ್ತವರು ಯಾರು ಎಂಬುದರ ಜೊತೆಗೆ ಆ ಕೂಗು ಯಾರನ್ನು ಉದ್ದೇಶಿಸಿತ್ತು ಎಂಬುದನ್ನೂ ಕೇಳಬೇಕಾಗುತ್ತದೆ.