ಜ್ವಾಲೆಯ ಬೆಳಕಿನಿಂದ ಉಷ್ಣದ ಅಳತೆ

ಥಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಗಳಲ್ಲಿ ಕನ್ನಡಿಗರು ಬಹುಕಾಲದಿಂದ ನೆಲೆಸಿದ್ದಾರೆ. ಇಲ್ಲಿನ ಉಡುಪಿ ಹೋಟೆಲುಗಳಲ್ಲಿ ಬೆಳಗಿನ ಜಾವಕ್ಕೇ ಒಲೆ ಹೊತ್ತುತ್ತದೆ. ಡೊಂಬಿವಲಿಯ ಕೈಗಾರಿಕಾ ವಸಾಹತು ಹಾಗೂ ಥಾಣೆ-ಬೇಲಾಪುರ ಪ್ರದೇಶದ ಕಾರ್ಖಾನೆಗಳಲ್ಲಿ ಬಾಯ್ಲರುಗಳು ದುಡಿಯುತ್ತವೆ. 1995ರಲ್ಲಿ ಸ್ಥಾಪಿತವಾದ ಮಹಾನಗರ ಗ್ಯಾಸ್ ಲಿಮಿಟೆಡ್ ಸಂಸ್ಥೆಯು ಈ ನಗರಗಳಿಗೆ ಕೊಳವೆಯ ಮೂಲಕ ನೈಸರ್ಗಿಕ ಅನಿಲವನ್ನು ಒದಗಿಸುತ್ತಿದೆ. ಈ ಅನಿಲ ಉರಿಯುವಾಗ ಎಷ್ಟು ಉಷ್ಣ, ಎಲ್ಲಿ, ಯಾವ ಕ್ಷಣದಲ್ಲಿ ಬಿಡುಗಡೆಯಾಗುತ್ತದೆ ಎಂಬುದನ್ನು ತಿಳಿಯುವುದು ಇಂಧನದ ಉಳಿತಾಯಕ್ಕೂ ಜೀವದ ಸುರಕ್ಷತೆಗೂ ಅಗತ್ಯ. ಜ್ವಾಲೆಯ ಬೆಳಕೇ ಇದಕ್ಕೆ ಒಂದು ಸಾಧನವಾಗಬಲ್ಲದು.

ನೀಲಿ ಬಣ್ಣದ ಮೂಲ

ಅನಿಲ ಮತ್ತು ಗಾಳಿ ಸರಿಯಾಗಿ ಬೆರೆತು ಉರಿದಾಗ ಜ್ವಾಲೆ ನೀಲಿಯಾಗಿರುತ್ತದೆ. ಈ ನೀಲಿ ಬಣ್ಣ ಬರಿಯ ಕಾವಿನಿಂದ ಹುಟ್ಟಿದುದಲ್ಲ. ದಹನದ ನಡುವೆ ಕ್ಷಣಕಾಲ ರೂಪುಗೊಳ್ಳುವ ಕೆಲವು ಕಣಗಳು ಹೆಚ್ಚುವರಿ ಶಕ್ತಿಯನ್ನು ಹೊತ್ತು ಉದ್ರಿಕ್ತ ಸ್ಥಿತಿಯಲ್ಲಿರುತ್ತವೆ. ಸಾಮಾನ್ಯ ಸ್ಥಿತಿಗೆ ಇಳಿಯುವಾಗ ಆ ಶಕ್ತಿಯನ್ನು ಬೆಳಕಾಗಿ ಹೊರಸೂಸುತ್ತವೆ. ಇದನ್ನು ರಾಸಾಯನಿಕ ದೀಪ್ತಿ ಎನ್ನಬಹುದು. ಹೈಡ್ರಾಕ್ಸಿಲ್ ಕಣದ ಬೆಳಕು ಸುಮಾರು 309 ನ್ಯಾನೋಮೀಟರ್ ತರಂಗಾಂತರದಲ್ಲಿದ್ದು ಕಣ್ಣಿಗೆ ಕಾಣದು, ಅದು ನೇರಳಾತೀತ. ಒಂದು ಇಂಗಾಲ ಮತ್ತು ಒಂದು ಜಲಜನಕ ಪರಮಾಣುಗಳು ಕೂಡಿದ ಕಣ 431 ನ್ಯಾನೋಮೀಟರ್ ಸುಮಾರಿನಲ್ಲಿ ನೀಲಿ-ನೇರಳೆ ಬೆಳಕನ್ನೂ, ಜೋಡಿ ಇಂಗಾಲದ ಕಣ 516 ನ್ಯಾನೋಮೀಟರ್ ಸುಮಾರಿನಲ್ಲಿ ಹಸಿರು ಬೆಳಕನ್ನೂ ನೀಡುತ್ತವೆ.

ಈ ಉದ್ರಿಕ್ತ ಕಣಗಳು ದಹನಕ್ರಿಯೆ ನಡೆಯುವ ತೆಳುವಾದ ಪದರದಲ್ಲಿಯೇ ಹುಟ್ಟಿ ಅಲ್ಲಿಯೇ ಅಳಿಯುತ್ತವೆ. ಸಾಮಾನ್ಯ ಒಲೆಯಲ್ಲಿ ಈ ಪದರದ ದಪ್ಪ ಒಂದು ಮಿಲಿಮೀಟರಿನಷ್ಟೂ ಇರದು. ಉಷ್ಣದ ಬಹುಭಾಗ ಬಿಡುಗಡೆಯಾಗುವುದೂ ಅಲ್ಲಿಯೇ. ಆದುದರಿಂದ ಈ ಬೆಳಕು ಉಷ್ಣೋತ್ಪತ್ತಿಯ ಸ್ಥಳವನ್ನು ಸೂಚಿಸುತ್ತದೆ.

ಅಳೆಯುವ ಕ್ರಮ

ಸಾಮಾನ್ಯ ಗಾಜು ನೇರಳಾತೀತ ಬೆಳಕನ್ನು ಬಹುಮಟ್ಟಿಗೆ ತಡೆಯುವುದರಿಂದ ಸ್ಫಟಿಕಶಿಲೆಯ ಮಸೂರವನ್ನು ಬಳಸುತ್ತಾರೆ. ಬೇಕಾದ ತರಂಗಾಂತರವನ್ನು ಮಾತ್ರ ಬಿಡುವ ಶೋಧಕದ ಹಿಂದೆ ಸೂಕ್ಷ್ಮ ಬೆಳಕುಮಾಪಕವನ್ನೋ ವಿಶೇಷ ಕ್ಯಾಮೆರಾವನ್ನೋ ಇರಿಸಲಾಗುತ್ತದೆ. ಮೊದಲು ಗೊತ್ತಿರುವ ಪ್ರಮಾಣದ ಅನಿಲವನ್ನು ಉರಿಸಿ ಮಾಪಕವನ್ನು ಹೊಂದಿಸಿಕೊಳ್ಳಬೇಕು. ಒಂದು ಘನಮೀಟರ್ ನೈಸರ್ಗಿಕ ಅನಿಲ ಸುಮಾರು 36 ಮೆಗಾಜೌಲ್ ಉಷ್ಣ ನೀಡುತ್ತದೆಂದು ಇಟ್ಟುಕೊಂಡರೆ, ಗಂಟೆಗೆ 200 ಲೀಟರ್ ಉರಿಸುವ ಬರ್ನರ್ 2 ಕಿಲೋವ್ಯಾಟ್ ಉಷ್ಣವನ್ನು ಬಿಡುಗಡೆ ಮಾಡುತ್ತದೆ. ಅನಿಲ-ಗಾಳಿಯ ಅನುಪಾತವನ್ನು ಬದಲಿಸದೆ ಅನಿಲವನ್ನು ಹೆಚ್ಚಿಸಿದರೆ ಬೆಳಕೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ.

ಮೀಟರ್ ಇರುವಾಗ ಬೆಳಕಿನ ಅಳತೆ ಏಕೆ ಎಂದು ಓದುಗರು ಕೇಳಬಹುದು. ಮೀಟರ್ ಒಟ್ಟು ಲೆಕ್ಕವನ್ನು ಕೊಡುತ್ತದೆ. ಬೆಳಕುಮಾಪಕ ಸೆಕೆಂಡಿಗೆ ಸಾವಿರಾರು ಬಾರಿ ಜ್ವಾಲೆಯ ಏರಿಳಿತವನ್ನು ಗುರುತಿಸುತ್ತದೆ. ಉಷ್ಣದ ಏರಿಳಿತವೂ ಒತ್ತಡದ ಏರಿಳಿತವೂ ತಾಳಕೂಡಿದರೆ ಕಂಪನ ಬೆಳೆಯುತ್ತದೆಂದು ಬ್ರಿಟಿಷ್ ವಿಜ್ಞಾನಿ ಲಾರ್ಡ್ ರ್‍ಯಾಲೆ 1878ರಲ್ಲಿಯೇ ವಿವರಿಸಿದ್ದರು. ಬಾಯ್ಲರುಗಳಲ್ಲಿಯೂ, ನವಿ ಮುಂಬಯಿಗೆ ಸಮೀಪದ ಉರಣ ವಿದ್ಯುತ್ ಕೇಂದ್ರದಲ್ಲಿರುವಂತಹ ಅನಿಲ ಟರ್ಬೈನುಗಳಲ್ಲಿಯೂ ಇಂತಹ ಕಂಪನ ಯಂತ್ರಭಾಗಗಳನ್ನು ಒಡೆಯಬಲ್ಲದು.

ಮಿತಿಗಳು

ಗಾಳಿಯ ಪ್ರಮಾಣ ಬದಲಾದರೆ, ಅನಿಲ ಅಷ್ಟೇ ಇದ್ದರೂ ಬೆಳಕು ಬಹಳ ವ್ಯತ್ಯಾಸವಾಗುತ್ತದೆ. ಈ ಕಾರಣದಿಂದ ಎರಡು ತರಂಗಾಂತರಗಳ ಬೆಳಕನ್ನು ಹೋಲಿಸಿ ಮೊದಲು ಗಾಳಿಯ ಅನುಪಾತವನ್ನು ಅಂದಾಜು ಮಾಡುತ್ತಾರೆ. ಹಳದಿ ಜ್ವಾಲೆಯಲ್ಲಿ ಕಾದ ಮಸಿಯ ಪ್ರಕಾಶವು ನೀಲಿ ಬೆಳಕನ್ನು ಮುಚ್ಚಿಬಿಡುತ್ತದೆ. ಶುದ್ಧ ಜಲಜನಕದ ಜ್ವಾಲೆಯಲ್ಲಿ ಇಂಗಾಲವೇ ಇಲ್ಲದ ಕಾರಣ ಹೈಡ್ರಾಕ್ಸಿಲ್ ಬೆಳಕನ್ನೇ ನೆಚ್ಚಬೇಕು. ಅಲ್ಲದೆ ಈ ವಿಧಾನ ಬಿಡುಗಡೆಯಾದ ಉಷ್ಣವನ್ನು ತಿಳಿಸುತ್ತದೆಯೇ ಹೊರತು ಪಾತ್ರೆಗೆ ತಲುಪಿದ ಉಷ್ಣವನ್ನಲ್ಲ.

ಕಾವಲುಗಾರನಾಗಿ ಬೆಳಕು

ಅನೇಕ ಕೈಗಾರಿಕಾ ಬರ್ನರುಗಳಲ್ಲಿ ಇದೇ ನೇರಳಾತೀತ ಬೆಳಕನ್ನು ಗಮನಿಸುವ ಸಂವೇದಕವಿರುತ್ತದೆ. ಜ್ವಾಲೆ ಆರಿದರೆ ಕೆಲವೇ ಸೆಕೆಂಡುಗಳಲ್ಲಿ ಅನಿಲದ ಕವಾಟ ಮುಚ್ಚಲ್ಪಡುತ್ತದೆ. ಇಲ್ಲವಾದರೆ ಉರಿಯದ ಅನಿಲ ಕುಲುಮೆಯಲ್ಲಿ ತುಂಬಿ, ಮತ್ತೆ ಹೊತ್ತಿಸುವಾಗ ಸ್ಫೋಟಿಸಬಹುದು. ಸಂವೇದಕವನ್ನು ಶುಚಿಯಾಗಿಡುವುದೂ, ಕೆಲಸದ ಅವಸರದಲ್ಲಿ ಅದನ್ನು ನಿಷ್ಕ್ರಿಯಗೊಳಿಸದಿರುವುದೂ ಕಾರ್ಮಿಕರ ಪ್ರಾಣರಕ್ಷಣೆಯ ಪ್ರಶ್ನೆ.

ಮನೆಯಲ್ಲಿ ಉಪಕರಣ ಬೇಕಿಲ್ಲ, ಕಣ್ಣೇ ಸಾಕು. ಸ್ಥಿರವಾದ ನೀಲಿ ಜ್ವಾಲೆ ಒಳ್ಳೆಯ ದಹನದ ಗುರುತು. ಜ್ವಾಲೆ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿಯುತ್ತಿದ್ದರೆ ಗಾಳಿ ಸಾಲದೆಂದು ತಿಳಿಯಬೇಕು. ಆಗ ವಾಸನೆಯಿಲ್ಲದ, ಮಾರಕವಾದ ಕಾರ್ಬನ್ ಮೊನಾಕ್ಸೈಡ್ ಉತ್ಪತ್ತಿಯಾಗಬಹುದು. ಕಿಟಕಿ ತೆರೆದು, ಬರ್ನರಿನ ರಂಧ್ರಗಳನ್ನು ಶುಚಿಗೊಳಿಸಿ. ಸಿಲಿಂಡರಿನಿಂದ ಕೊಳವೆ ಅನಿಲಕ್ಕೆ ಬದಲಾಗುವಾಗ ಜೆಟ್ಟನ್ನು ಅಧಿಕೃತ ತಂತ್ರಜ್ಞರಿಂದಲೇ ಬದಲಾಯಿಸಿಕೊಳ್ಳಿ. ದಿನವೂ ಒಲೆ ಹೊತ್ತಿಸಿದಾಗ ಜ್ವಾಲೆಯ ಬಣ್ಣವನ್ನೊಮ್ಮೆ ನೋಡುವ ಅಭ್ಯಾಸವು ಇಂಧನವನ್ನೂ ಕುಟುಂಬವನ್ನೂ ಕಾಪಾಡಬಲ್ಲದು.